ಜೋಳದ ಲೆಕ್ಕ

ಯಾದಗಿರಿ ಪಟ್ಟಣದಿಂದ ಹೊರಟು, ಭೀಮಾ ನದಿಯ ಸೇತುವೆಯನ್ನು ದಾಟಿ, ಶಹಾಪುರದ ಮಾರ್ಗವಾಗಿ ಸುರಪುರದ ಕಡೆಗೆ ಪುಷ್ಯ ಮಾಸದಲ್ಲಿ ಪ್ರಯಾಣ ಮಾಡುವವನ ಕಣ್ಣಿಗೆ ಎರಡು ಬಗೆಯ ನೆಲ ಕಾಣಸಿಗುತ್ತದೆ. ಕಾಲುವೆಯ ನೀರು ಮುಟ್ಟಿದ ಕಡೆ ಭತ್ತದ ಮಡಿ, ಬಿಡಿಸಿ ಮುಗಿಯದ ಹತ್ತಿ, ಅಂಗಳದಲ್ಲಿ ಒಣಗಲು ಹರವಿದ ಕೆಂಪು ಮೆಣಸಿನಕಾಯಿ. ನೀರು ಏರಲಾರದ ಎತ್ತರದ ಎರೆಯಲ್ಲಿ ಆಳೆತ್ತರದ ಬಿಳಿಜೋಳ. ನಡುನಡುವೆ ಮುಳ್ಳಿನ ಬೇಲಿಯಂತೆ ನಿಂತ ಕುಸುಬೆಯ ಸಾಲು. ಎರಡೂ ಸಂಪತ್ತನ್ನೇ ಬೆಳೆಯುತ್ತವೆ. ಆದರೆ ಮೊದಲನೆಯ ನೆಲದ ಸಂಪತ್ತು ಮಾರುಕಟ್ಟೆಯ ತಕ್ಕಡಿಯಲ್ಲಿ ನಿಂತು ರೂಪಾಯಿಯ ಲೆಕ್ಕಕ್ಕೆ ಬರುತ್ತದೆ. ಎರಡನೆಯ ನೆಲದ ಸಂಪತ್ತಿನಲ್ಲಿ ಬಹುಪಾಲು ತಕ್ಕಡಿಯನ್ನು ಏರುವುದೇ ಇಲ್ಲ. ಅದು ಬೆಳೆದವನ ಮನೆಯ ಮಣ್ಣಿನ ಗುಮ್ಮಿಗೆ, ಹಿತ್ತಲಿನ ಬಣವೆಗೆ, ಕೂಲಿಯವಳ ಉಡಿಗೆ ಹಂಚಿಹೋಗುತ್ತದೆ. ತಕ್ಕಡಿಗೆ ಬಾರದ ವಸ್ತುವಿಗೆ ಬೆಲೆಯೇ ಇಲ್ಲವೆಂದು ಭಾವಿಸುವ ಅಭ್ಯಾಸ ಆಡಳಿತಗಾರರಲ್ಲಿಯೂ ವ್ಯಾಪಾರಿಗಳಲ್ಲಿಯೂ ಬೆಳೆದುಬಿಟ್ಟಿದೆ. ಜೋಳಕ್ಕೆ ಆದ ಅನ್ಯಾಯದ ಮೂಲ ಇಲ್ಲಿಯೇ ಇದೆ.

ಈ ಮೂರು ತಾಲ್ಲೂಕುಗಳು 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1956ರಲ್ಲಿ ಕನ್ನಡ ನಾಡಿನೊಡನೆ ಒಂದಾಗಿ ಗುಲಬರ್ಗಾ ಜಿಲ್ಲೆಯ ಭಾಗವಾಗಿ ಉಳಿದವು. 2010ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳು ಇವುಗಳಿಂದಲೇ ಒಡೆದುಕೊಂಡವು. ಆಡಳಿತದ ಗೆರೆಗಳು ಹೀಗೆ ಬದಲಾದರೂ ನೆಲದ ಗುಣ ಬದಲಾಗಲಿಲ್ಲ. ಕೃಷ್ಣಾ–ಭೀಮಾ ನದಿಗಳ ನಡುವಿನ ಈ ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ ಎಪ್ಪತ್ತು ಸೆಂಟಿಮೀಟರಿನ ಆಸುಪಾಸು. ಅದೂ ಎಲ್ಲ ವರ್ಷ ಒಂದೇ ಬಗೆಯಾಗಿರುವುದಿಲ್ಲ. ಮುಂಗಾರು ಕೈಕೊಟ್ಟ ವರ್ಷ ಹಿಂಗಾರು ಕೈಹಿಡಿದೀತು. ಎರಡೂ ಕೈಕೊಟ್ಟ ವರ್ಷಗಳೂ ಇಲ್ಲದಿಲ್ಲ.

ಇಂತಹ ನೆಲಕ್ಕೆ ಹಿಂಗಾರಿ ಜೋಳ ಹೊಂದಿಕೊಂಡ ಬಗೆಯನ್ನು ತುಸು ವಿವರವಾಗಿಯೇ ಗಮನಿಸಬೇಕು. ಕಪ್ಪು ಎರೆಮಣ್ಣು ಮಳೆಯ ನೀರನ್ನು ಹೀರಿ ಬಹುಕಾಲ ತನ್ನೊಳಗೆ ಹಿಡಿದಿಡುತ್ತದೆ. ಉತ್ತರೆ, ಹಸ್ತ ಮಳೆಗಳು ನೆಲವನ್ನು ತೋಯಿಸಿದ ಮೇಲೆ ರೈತ ಕೂರಿಗೆ ಹೂಡಿ ಬೀಜವನ್ನು ಬಿತ್ತುತ್ತಾನೆ. ಅಲ್ಲಿಂದ ಮುಂದೆ ಮಳೆ ಬಾರದಿದ್ದರೂ ಬೆಳೆ ನಿಲ್ಲುತ್ತದೆ. ನೆಲದ ಒಡಲಿನಲ್ಲಿರುವ ತೇವ, ಚಳಿಗಾಲದ ತಂಪು ಇವೆರಡೇ ಅದಕ್ಕೆ ಆಧಾರ. ತೇವ ಆರುತ್ತ ಬಂದಂತೆ ಎರೆ ಬಿರುಕು ಬಿಡುತ್ತದೆ. ಆ ಬಿರುಕುಗಳ ಮೂಲಕ ಉಳಿದ ತೇವವೂ ಹಾರಿಹೋಗದಂತೆ ರೈತ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಮೇಲಿನ ಮಣ್ಣನ್ನು ಪುಡಿಮಾಡಿ ಮುಚ್ಚುತ್ತಾನೆ. ಕಳೆ ತೆಗೆಯುವುದಕ್ಕಾಗಿ ಮಾತ್ರ ಕುಂಟೆ ಹೊಡೆಯುತ್ತಾರೆಂದು ತಿಳಿದವರು ಈ ಕೆಲಸದ ಅರ್ಧವನ್ನಷ್ಟೇ ತಿಳಿದಂತಾಯಿತು. ಜೋಳದ ಗಿಡವೂ ತನ್ನ ಪಾಲಿನ ಕೆಲಸವನ್ನು ಮಾಡುತ್ತದೆ: ಬೇರನ್ನು ಆಳಕ್ಕೆ ಇಳಿಸುತ್ತದೆ, ಬಿಸಿಲು ಹೆಚ್ಚಾದಾಗ ಎಲೆಯನ್ನು ಸುರುಳಿ ಸುತ್ತಿಕೊಳ್ಳುತ್ತದೆ, ಎಲೆಯ ಮೇಲಿನ ಮೇಣದಂಥ ಲೇಪದಿಂದ ನೀರಿನ ಖರ್ಚನ್ನು ತಗ್ಗಿಸಿಕೊಳ್ಳುತ್ತದೆ. ಮಾಘ–ಫಾಲ್ಗುಣದ ಹೊತ್ತಿಗೆ ತೆನೆ ಬಲಿತು ಬೆಳೆ ಕೈಗೆ ಬರುತ್ತದೆ. ಇಷ್ಟಕ್ಕೂ ರೈತನ ಕೈಯಿಂದ ನಗದಾಗಿ ಹೊರಟ ಹಣ ಅತ್ಯಲ್ಪ. ಮನೆಯ ಬೀಜ, ಮನೆಯ ಎತ್ತು, ಮನೆಯ ಗೊಬ್ಬರ. ಸಾಲವಿಲ್ಲದೆ ಬಿತ್ತಬಹುದಾದ ಬೆಳೆಯೆಂಬುದೇ ಜೋಳದ ಮೊದಲನೆಯ ಆರ್ಥಿಕ ಗುಣ.

ಇನ್ನು ಕಾಳಿನ ಲೆಕ್ಕ. ಐದು ಜನರ ಒಂದು ಕುಟುಂಬವಿದೆಯೆಂದು ಇಟ್ಟುಕೊಳ್ಳೋಣ. ಹೊಲದಲ್ಲಿ ದುಡಿಯುವವರು, ಮುದುಕರು, ಮಕ್ಕಳು ಎಲ್ಲರೂ ಸೇರಿ ದಿನಕ್ಕೆ ಎರಡು ಕಿಲೋ ಜೋಳದ ಹಿಟ್ಟನ್ನು ಬಳಸಿದರೆ ವರ್ಷಕ್ಕೆ ಏಳು ಕ್ವಿಂಟಾಲಿಗಿಂತ ತುಸು ಹೆಚ್ಚು ಬೇಕಾಗುತ್ತದೆ. ಮಳೆಯನ್ನೇ ನಂಬಿದ ಎರೆಯಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲ್ ಬಂದರೂ ಎರಡು ಎಕರೆ ಜೋಳ ಆ ಕುಟುಂಬವನ್ನು ವರ್ಷಪೂರ್ತಿ ಅಂಗಡಿಯ ಬಾಗಿಲಿಗೆ ಹೋಗದಂತೆ ಕಾಯುತ್ತದೆ. ಇದರ ಬೆಲೆಯನ್ನು ರಾಶಿಯ ಕಾಲದ ದರದಲ್ಲಿ ಎಣಿಸುವುದು ಸರಿಯಲ್ಲ. ರಾಶಿಯಾದಾಗ ಎಲ್ಲರೂ ಮಾರುತ್ತಾರೆ, ದರ ಇಳಿದಿರುತ್ತದೆ. ಆಷಾಢ–ಶ್ರಾವಣದಲ್ಲಿ ಬಡವನ ಮನೆಯ ಕಾಳು ತೀರಿ ಕೊಳ್ಳಲು ಹೊರಟಾಗ ದರ ಏರಿರುತ್ತದೆ. ಮಾರಿದ ದರಕ್ಕೂ ಕೊಂಡ ದರಕ್ಕೂ ನಡುವಿನ ಅಂತರವೇ ಒಕ್ಕಲುತನದ ಮನೆಗಳನ್ನು ಕರಗಿಸುವ ನೀರು. ಮನೆಯಲ್ಲಿ ಜೋಳವಿದ್ದವನು ಈ ಎರಡು ದರಗಳಿಂದಲೂ ಮುಕ್ತನಾಗಿರುತ್ತಾನೆ. ಆದ್ದರಿಂದ ಅವನ ಜೋಳದ ನಿಜವಾದ ಬೆಲೆಯೆಂದರೆ ಅವನು ಮಳೆಗಾಲದಲ್ಲಿ ಅಂಗಡಿಗೆ ತೆರಬೇಕಾಗಿದ್ದ ಬೆಲೆ.

ಕಾಳಿನಷ್ಟೇ ಮುಖ್ಯವಾದದ್ದು ಕಣಿಕೆ. ಪೇಟೆಯ ಜನ ಇದನ್ನು ಕಸವೆಂದು ತಿಳಿಯಬಹುದು. ಎರೆಯ ರೈತ ಹಾಗೆ ತಿಳಿಯುವುದಿಲ್ಲ. ಒಣಬೇಸಾಯದ ಎರಡು ಎಕರೆಯ ಕಣಿಕೆ ಒಂದು ಜೊತೆ ಎತ್ತುಗಳಿಗೆ ಹೆಚ್ಚುಕಡಮೆ ಅರ್ಧ ವರ್ಷದ ಮೇವು. ಎತ್ತು ಇದ್ದರೆ ಉಳುಮೆಗೆ ಬಾಡಿಗೆ ಕೊಡಬೇಕಾಗಿಲ್ಲ. ಎಮ್ಮೆ ಇದ್ದರೆ ಮಕ್ಕಳ ಬಟ್ಟಲಿಗೆ ಮಜ್ಜಿಗೆ ಉಂಟು. ಎರಡೂ ಇದ್ದರೆ ತಿಪ್ಪೆಯಲ್ಲಿ ಗೊಬ್ಬರ ಉಂಟು. ಬರಗಾಲದ ವರ್ಷಗಳಲ್ಲಿ ಕಣಿಕೆಯ ದರ ಕಾಳಿನ ದರದೊಡನೆ ಪೈಪೋಟಿಗೆ ನಿಲ್ಲುವುದೂ ಉಂಟು.

ಈ ಸಂಗತಿಯನ್ನು ವಿಜ್ಞಾನಿಗಳು ಅರಿಯಲು ಕೆಲವು ಕಾಲ ಬೇಕಾಯಿತು. ದೇಶದ ಮೊದಲನೆಯ ಮಿಶ್ರತಳಿ ಜೋಳವಾದ ಸಿಎಸ್‌ಎಚ್–1 ಬಿಡುಗಡೆಯಾದದ್ದು 1964ರಲ್ಲಿ. ಗಿಡ್ಡ ದಂಟು, ದೊಡ್ಡ ತೆನೆ, ಕೈತುಂಬ ಕಾಳು: ಕಾಗದದ ಮೇಲೆ ಅದು ಅದ್ಭುತವಾಗಿತ್ತು. ಮುಂಗಾರಿಯಲ್ಲಿ ಅದರ ಇಳುವರಿ ನಾಟಿ ಜೋಳವನ್ನು ಮೀರಿಸಿತೆಂಬುದೂ ನಿಜ. ಆದರೆ ತೆನೆ ಬಲಿಯುವ ವೇಳೆಗೆ ಮಳೆ ಹಿಡಿದರೆ ಕಾಳು ಬೂಷ್ಟು ಹಿಡಿದು ಕಪ್ಪಾಗುತ್ತಿತ್ತು. ಹಿಟ್ಟಿಗೆ ಜಿಗುಟು ಸಾಲದೆ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತಿತ್ತು. ಗಿಡ್ಡ ದಂಟಿನಿಂದ ಬಣವೆ ಎದ್ದು ನಿಲ್ಲುತ್ತಿರಲಿಲ್ಲ. ಹೆಂಗಸರೂ ದನಗಳೂ ಒಟ್ಟಿಗೆ ತಿರಸ್ಕರಿಸಿದ ಬೆಳೆ ಬಹುಕಾಲ ಬಾಳುವುದು ಕಷ್ಟ. ಹಿಂಗಾರಿಗೆ ಈ ಸೀಮೆಯ ರೈತ ಇಂದಿಗೂ ನೆಚ್ಚಿರುವುದು ಮಾಲದಂಡಿ ಜೋಳವನ್ನು. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ, ರೈತರ ಹೊಲದ ನಾಟಿ ತಳಿಯಿಂದಲೇ ಆರಿಸಿ ತೆಗೆದ ಎಂ 35–1 ಎಂಬ ಈ ತಳಿ ಒಂಬತ್ತು ದಶಕಗಳ ಮೇಲೂ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ಮುತ್ತಿನಂಥ ಕಾಳು, ಸಿಹಿಯಾದ ರೊಟ್ಟಿ, ಎತ್ತರದ ದಂಟು ಈ ಮೂರನ್ನೂ ಒಟ್ಟಿಗೆ ಕೊಡುವ ಇನ್ನೊಂದು ತಳಿ ಅದನ್ನು ಪೂರ್ತಿಯಾಗಿ ಹಿಂದೆ ಸರಿಸಲು ಇನ್ನೂ ಶಕ್ತವಾಗಿಲ್ಲ.

ಜೋಳದ ಮತ್ತೊಂದು ಗುಣವೆಂದರೆ ಅದರ ಬಾಳಿಕೆ. ಹಿಂದೆ ಈ ಊರುಗಳಲ್ಲಿ ಹಗೇವುಗಳಿದ್ದವು. ನೆಲದಲ್ಲಿ ಆಳೆತ್ತರಕ್ಕಿಂತ ಆಳವಾಗಿ ತೋಡಿದ, ಬಾಯಿ ಕಿರಿದಾಗಿ ಒಡಲು ಅಗಲವಾಗಿರುವ ಕಣಜವೇ ಹಗೇವು. ಅದರ ಗೋಡೆಗೂ ತಳಕ್ಕೂ ಒಣಗಿದ ಹುಲ್ಲು–ಹೊಟ್ಟನ್ನು ಒತ್ತಿ, ಕಾಳನ್ನು ಸುರಿದು, ಬಾಯಿಗೆ ಕಲ್ಲುಚಪ್ಪಡಿಯನ್ನಿಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಬದುಕಲಾರದು. ಔಷಧವಿಲ್ಲದೆ ಕಾಳು ವರ್ಷಗಟ್ಟಲೆ ಉಳಿಯುತ್ತಿದ್ದುದರ ಗುಟ್ಟು ಇದೇ. ಹಗೇವು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದನು. ಆ ಎಚ್ಚರವನ್ನು ಮರೆತು ಪ್ರಾಣ ಕಳೆದುಕೊಂಡವರ ಕಥೆಗಳನ್ನು ಹಿರಿಯರು ಹೇಳುವುದುಂಟು. ರಸಾಯನಶಾಸ್ತ್ರದ ಪಾಠವನ್ನು ಓದದ ಜನ ಅದನ್ನು ಈ ಬಗೆಯಲ್ಲಿ ಕಲಿತಿದ್ದರು. ಮಳೆ ನಂಬಲಾರದ ನಾಡಿನಲ್ಲಿ ಒಂದು ಒಳ್ಳೆಯ ವರ್ಷದ ಸುಗ್ಗಿಯನ್ನು ಎರಡು ಕೆಟ್ಟ ವರ್ಷಗಳಿಗೆ ಹಂಚುವ ಸಾಧನ ಇದಾಗಿತ್ತು.

ಆದರೆ ಹಗೇವನ್ನು ಹೊಗಳುವವರು ಅದು ಯಾರ ಅಂಗಳದಲ್ಲಿತ್ತೆಂಬುದನ್ನೂ ಹೇಳಬೇಕು. ದೊಡ್ಡ ಹಗೇವು ದೊಡ್ಡ ಮನೆಯದು. ಗೌಡ, ದೇಸಾಯಿ, ಸಾಹುಕಾರರ ಹಗೇವು ತೆರೆಯುತ್ತಿದ್ದುದು ಕೂಲಿಯವರ ಮನೆಯ ಮಡಕೆ ಬರಿದಾದಾಗ. ಮಳೆಗಾಲದಲ್ಲಿ ಒಂದು ಚೀಲ ಒಯ್ದವನು ಸುಗ್ಗಿಯಲ್ಲಿ ಒಂದೂಕಾಲು, ಒಂದೂವರೆ ಚೀಲ ಅಳೆದುಕೊಡಬೇಕಾಗಿತ್ತು. ಕೊಡಲಾಗದಿದ್ದರೆ ಆ ಬಾಕಿ ದುಡಿಮೆಯಾಗಿ ಬದಲಾಗುತ್ತಿತ್ತು. ತಂದೆಯ ಬಾಕಿಗೆ ಮಗ ಜೀತವಿರುವುದೂ ಇತ್ತು. ಹಳಗನ್ನಡದ ಕಾವ್ಯಗಳಲ್ಲಿ ‘ಜೋಳದ ಪಾಳಿ’ ಎಂಬ ಮಾತು ಬರುತ್ತದೆ. ಒಡೆಯನ ಜೋಳವನ್ನು ಉಂಡವನು ಪ್ರಾಣವನ್ನಾದರೂ ತೆತ್ತು ತೀರಿಸಬೇಕಾದ ಋಣವೆಂದು ಅದರ ಅರ್ಥ. ಕಾವ್ಯದಲ್ಲಿ ಅದು ವೀರನ ಹೆಮ್ಮೆ. ಹೊಲಗೇರಿಯ, ಮಾದರ ಕೇರಿಯ ಮನುಷ್ಯನಿಗೆ ಅದೇ ಋಣ ಮೈಮೇಲಿನ ಹೊರೆಯಾಗಿತ್ತು. 1876ರಿಂದ 1878ರವರೆಗೆ ದಖ್ಖಣವನ್ನು ಸುಟ್ಟ ಮಹಾಕ್ಷಾಮದಲ್ಲಿ ಮೊದಲು ಊರು ಬಿಟ್ಟವರು, ಮೊದಲು ಸತ್ತವರು ಹಗೇವು ಇಲ್ಲದವರೇ. ಆದುದರಿಂದ ಜೋಳದ ಪರವಾಗಿ ಮಾತನಾಡುವುದೆಂದರೆ ಹಳೆಯ ಕಾಲಕ್ಕೆ ಮರಳಬೇಕೆಂದು ಹೇಳುವುದಲ್ಲ. ಸರ್ಕಾರದ ಪಡಿತರ ಅಂಗಡಿ, ಅದರಲ್ಲಿ ಎಷ್ಟೇ ಕುಂದುಕೊರತೆಗಳಿರಲಿ, ಬಡವನನ್ನು ಆ ಹಗೇವಿನ ಬಾಯಿಯಿಂದ ಬಿಡಿಸಿದ ಉಪಕಾರಿಯೆಂಬುದನ್ನು ಒಪ್ಪಲೇಬೇಕು.

ಇಲ್ಲಿಯೇ ಈ ಕಾಲದ ತೊಡಕು ಎದುರಾಗುತ್ತದೆ. ಪಡಿತರ ಅಂಗಡಿ ಬಡವನಿಗೆ ಕೊಟ್ಟದ್ದು ಜೋಳವನ್ನಲ್ಲ, ಅಕ್ಕಿಯನ್ನು. ಈ ಸೀಮೆಯಲ್ಲಿ ಅಕ್ಕಿ ಹಬ್ಬದ ಊಟವಾಗಿತ್ತು, ಬೀಗರು ಬಂದಾಗಿನ ಊಟವಾಗಿತ್ತು, ಜ್ವರ ಬಂದವನಿಗೆ ಮಾಡಿಕೊಡುವ ಗಂಜಿಯಾಗಿತ್ತು. ದಿನದ ಊಟವೆಂದರೆ ರೊಟ್ಟಿ, ನುಚ್ಚು, ಪುಂಡಿಪಲ್ಯ, ಶೇಂಗಾ ಹಿಂಡಿ. 2013ರಲ್ಲಿ ರಾಜ್ಯದಲ್ಲಿ ಅನ್ನಭಾಗ್ಯ ಬಂದಿತು. ಅದೇ ವರ್ಷ ಕೇಂದ್ರದ ಆಹಾರ ಭದ್ರತಾ ಕಾಯಿದೆಯೂ ಬಂದಿತು. ಆ ಕಾಯಿದೆ ಅಕ್ಕಿಯನ್ನು ಕಿಲೋಗೆ ಮೂರು ರೂಪಾಯಿಗೆ, ಗೋದಿಯನ್ನು ಎರಡು ರೂಪಾಯಿಗೆ, ಜೋಳ–ಸಜ್ಜೆಗಳಂಥ ಧಾನ್ಯವನ್ನು ಒಂದು ರೂಪಾಯಿಗೆ ಕೊಡಬಹುದೆಂದು ಹೇಳಿತ್ತು. 2023ರಿಂದ ಈ ಧಾನ್ಯವೆಲ್ಲ ಉಚಿತವೇ ಆಯಿತು. ಕಾಯಿದೆಯಲ್ಲಿ ಜೋಳದ ಹೆಸರಿಗೆ ಜಾಗವಿತ್ತು, ಚೀಲದಲ್ಲಿ ಬಂದದ್ದು ಹೆಚ್ಚಾಗಿ ಅಕ್ಕಿಯೇ. ಬೆಲೆಯಿಲ್ಲದ ಅಕ್ಕಿ ಮನೆಗೆ ಬರುವಾಗ ಬೆಲೆಯುಳ್ಳ ಜೋಳವನ್ನು ಕೊಂಡು, ಬೀಸಿಸಿ, ಹೊಗೆಯ ಮುಂದೆ ಕುಳಿತು ರೊಟ್ಟಿ ಬಡಿಯುವವರು ಯಾರು? ದಿನವಿಡೀ ಹತ್ತಿ ಬಿಡಿಸಿ ಬಂದ ಹೆಣ್ಣುಮಗಳು ಅನ್ನಕ್ಕೆ ಇಟ್ಟರೆ ಆಕೆಯನ್ನು ದೂರುವುದು ತರವಲ್ಲ. ರೊಟ್ಟಿಯ ಹಿರಿಮೆಯನ್ನು ಕೊಂಡಾಡುವವರಲ್ಲಿ ಬಹಳ ಮಂದಿ ಒಲೆಯ ಮುಂದೆ ಕುಳಿತವರಲ್ಲವೆಂಬುದನ್ನೂ ಮರೆಯಬಾರದು.

ಆದರೂ ಈ ಬದಲಾವಣೆಯ ಫಲ ಏನಾಗಿದೆಯೆಂದು ನೋಡಲೇಬೇಕು. ನೂರು ಗ್ರಾಂ ಜೋಳದಲ್ಲಿ ಸುಮಾರು ಹತ್ತು ಗ್ರಾಂ ಸಸಾರಜನಕ, ನಾಲ್ಕು ಮಿಲಿಗ್ರಾಂ ಕಬ್ಬಿಣವಿದೆ. ನಯಗೊಳಿಸಿದ ಅಕ್ಕಿಯಲ್ಲಿ ಸಸಾರಜನಕ ಎಂಟು ಗ್ರಾಂ. ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ನಾರಿನ ಅಂಶದಲ್ಲಂತೂ ಹೋಲಿಕೆಯೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದಕ್ಕೆ ಅಕ್ಕಿಯೊಂದೇ ಕಾರಣವೆಂದು ಹೇಳುವುದು ಅವಿವೇಕ. ಬಡತನ, ಬಾಲ್ಯವಿವಾಹ, ಕುಡಿಯುವ ನೀರು, ಗುಳೆ ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಬೆಳೆಯಬೇಕಾದ ಮಕ್ಕಳ ತಟ್ಟೆಯಿಂದ ಕಬ್ಬಿಣವುಳ್ಳ ಧಾನ್ಯವೊಂದು ಜಾರಿಹೋದದ್ದು ಅಂತಹ ಜಿಲ್ಲೆಯಲ್ಲಿ ಸಣ್ಣ ಸಂಗತಿಯಲ್ಲ.

ಇನ್ನು ನೀರಿನ ಪ್ರಶ್ನೆ. ಮಿಶ್ರತಳಿ ಜೋಳ ಬಂದ ಅದೇ 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡು ಎಡದಂಡೆಯ ಕಾಲುವೆಗೆ ನೀರು ಹರಿಯಿತು. ಸುರಪುರ, ಶಹಾಪುರಗಳ ಬರದ ನೆಲಕ್ಕೆ ಅದು ವರವೇ ಸರಿ. ಯೋಜನೆಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಬಹುಮಟ್ಟಿಗೆ ಜೋಳ, ಶೇಂಗಾ, ಹತ್ತಿ, ಕಡಲೆಯಂಥ ಬೆಳೆಗಳಿಗೆ ಹದವರಿತು ನೀರು ಕೊಟ್ಟು ಹೆಚ್ಚು ಎಕರೆಗಳನ್ನು ತಲಪುವ ಕ್ರಮ. ಆದರೆ ಕಾಲುವೆಯ ತಲೆಯ ಭಾಗದಲ್ಲಿ ಭತ್ತ ಬಂದಿತು. ಕರಾವಳಿ ಆಂಧ್ರದಿಂದ ಬಂದ ಒಕ್ಕಲಿಗರು ನೆಲವನ್ನು ಕೊಂಡು, ಗುತ್ತಿಗೆ ಹಿಡಿದು, ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತದ ಬೇಸಾಯವನ್ನು ತೋರಿಸಿಕೊಟ್ಟರು, ಸ್ಥಳೀಯರೂ ಕಲಿತರು. ಅವರ ಶ್ರಮವನ್ನು, ಕುಶಲತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ತಲೆಯ ಭಾಗದಲ್ಲಿ ನಿಂತ ನೀರು ಕೊನೆಯ ಭಾಗಕ್ಕೆ ತಲಪಲಿಲ್ಲ. ಅದಲ್ಲದೆ ಎರೆಮಣ್ಣು ನಿಂತ ನೀರನ್ನು ಸಹಿಸುವ ಮಣ್ಣಲ್ಲ. ಬಸಿದು ಹೋಗಲು ದಾರಿಯಿಲ್ಲದ ಕಡೆ ನೆಲ ಜವುಳು ಹಿಡಿದು ಉಪ್ಪು ಮೇಲೆದ್ದಿತು. ಅಂತಹ ಊರಿನಲ್ಲಿ ಇಂದು ಹಗೇವು ತೋಡಲು ಹೊರಟರೆ ನೀರೇ ಕಂಡೀತು.

ಭತ್ತ ಬೆಳೆದ ರೈತ ತಪ್ಪು ಮಾಡಿದನೇ? ಅವನ ಲೆಕ್ಕವನ್ನೂ ನ್ಯಾಯವಾಗಿ ಹಾಕಬೇಕು. 2025–26ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ; ಮಾಲದಂಡಿ ಜೋಳಕ್ಕೆ 3,749 ರೂಪಾಯಿ. ಕ್ವಿಂಟಾಲಿನ ಲೆಕ್ಕದಲ್ಲಿ ಜೋಳವೇ ಮೇಲು. ಆದರೆ ಎಕರೆಗೆ 25 ಕ್ವಿಂಟಾಲ್ ಭತ್ತ ಬಂದರೆ 59,225 ರೂಪಾಯಿ. ಒಣಬೇಸಾಯದಲ್ಲಿ ಐದು ಕ್ವಿಂಟಾಲ್ ಜೋಳ ಬಂದರೆ 18,745 ರೂಪಾಯಿ. ಭತ್ತದ ಗೊಬ್ಬರ, ಔಷಧ, ನಾಟಿಯ ಕೂಲಿಗಳನ್ನು ಕಳೆದರೂ ಅದರ ಕೈಯೇ ಮೇಲಾಗುತ್ತದೆ. ಮಗಳ ಮದುವೆಗೋ ಮಗನ ಓದಿಗೋ ನಗದು ಬೇಕಾದವನು ಇದನ್ನು ನೋಡಿ ಭತ್ತವನ್ನು ಆರಿಸಿಕೊಂಡರೆ ಅವನನ್ನು ಮೂರ್ಖನೆನ್ನಲು ಯಾರಿಗೂ ಹಕ್ಕಿಲ್ಲ.

ಈ ಲೆಕ್ಕದಲ್ಲಿ ಬಾರದೆ ಉಳಿದದ್ದು ನೀರಿನ ಬೆಲೆ. ಭತ್ತ ಬೇಡುವ ನೀರು ಜೋಳ ಬೇಡುವುದರ ಎರಡು–ಮೂರು ಪಟ್ಟು. ಒಂದು ಎಕರೆ ಭತ್ತದ ನೀರನ್ನು ಎರಡೇ ಎಕರೆ ಜೋಳಕ್ಕೆ ಹಂಚಿದರೂ, ನೀರುಂಡ ಜೋಳಕ್ಕೆ ಎಕರೆಗೆ ಹತ್ತು ಕ್ವಿಂಟಾಲ್ ಹಿಡಿದರೂ, ಇಪ್ಪತ್ತು ಕ್ವಿಂಟಾಲಿನ ಬೆಂಬಲ ಬೆಲೆ 74,980 ರೂಪಾಯಿ, ಕಣಿಕೆ ಬೇರೆ. ನೆಲದ ಲೆಕ್ಕದಲ್ಲಿ ಗೆದ್ದ ಭತ್ತ ನೀರಿನ ಲೆಕ್ಕದಲ್ಲಿ ಸೋಲುತ್ತದೆ. ಆದರೆ ತೊಡಕಿರುವುದು ಬೇರೆಡೆ: ಆ ಎರಡು ಎಕರೆಗಳಲ್ಲಿ ಒಂದು ಕಾಲುವೆಯ ತಲೆಯವನದು, ಇನ್ನೊಂದು ಕೊನೆಯವನದು. ತಲೆಯವನು ಜೋಳ ಬೆಳೆದು ತನ್ನ ಆದಾಯವನ್ನು ತಗ್ಗಿಸಿಕೊಂಡರೆ ಲಾಭ ಕೊನೆಯವನಿಗೆ. ಇದನ್ನು ಒಬ್ಬ ರೈತನ ಔದಾರ್ಯಕ್ಕೆ ಬಿಡುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ತೂಬಿನ ಕೀಲಿಯನ್ನು ಕೈಯಲ್ಲಿಟ್ಟುಕೊಂಡಿರುವ ಸರ್ಕಾರ ಮಾಡಬೇಕಾದ ಕೆಲಸ ಇದು; ಬೆಳೆ ಪದ್ಧತಿಯನ್ನು ಕಾಗದದಲ್ಲಿ ಬರೆದಿಟ್ಟು ಹೊಲದಲ್ಲಿ ಮರೆತ ಹೊಣೆಯೂ ಅದರದೇ. ಕೊನೆಯ ಭಾಗದ ರೈತ ಇಂದು ಏನಾಗಿದ್ದಾನೆಂದು ತಿಳಿಯಬೇಕಾದರೆ ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಕಟ್ಟಡ ಏಳುತ್ತಿರುವ ಕಡೆಗೆ ಹೋಗಬೇಕು. ಅಲ್ಲಿ ತಗಡಿನ ಗುಡಿಸಿಲಿನಲ್ಲಿರುವವರ ಮಾತಿನಲ್ಲಿ ಶಹಾಪುರ, ಸುರಪುರಗಳ ಕನ್ನಡ ಕೇಳಿಸುತ್ತದೆ.

ದೇಶದಾದ್ಯಂತ ಜೋಳದ ಕಥೆ ಹೆಚ್ಚುಕಡಮೆ ಇದೇ. 1970ರ ಸುಮಾರಿಗೆ 1 ಕೋಟಿ 70 ಲಕ್ಷ ಹೆಕ್ಟೇರಿನಷ್ಟಿದ್ದ ಜೋಳದ ನೆಲ ಈಗ 40 ಲಕ್ಷದ ಆಸುಪಾಸಿಗೆ ಇಳಿದಿದೆ. ಭಾರತದ ಕೋರಿಕೆಯ ಮೇರೆಗೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಜೋಳ ತಿನ್ನುವವರೆಂದು ಹಳ್ಳಿಯವರನ್ನು ಹೀಯಾಳಿಸುತ್ತಿದ್ದ ಪಟ್ಟಣದವರಿಗೆ ಈಗ ವೈದ್ಯರೇ ರೊಟ್ಟಿಯನ್ನು ಬರೆದುಕೊಡುತ್ತಿದ್ದಾರೆ. ಇದರಲ್ಲಿ ತುಸು ವಿನೋದವೂ ಉಂಟು. ನೆರೆಯ ಕಲಬುರಗಿ ಜಿಲ್ಲೆಯಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ರೊಟ್ಟಿಯನ್ನು ದೂರದ ಊರುಗಳಿಗೆ ಕಳಿಸುತ್ತಿವೆ. ಒಲೆಯ ಮುಂದಿನ ದುಡಿಮೆಗೆ ಕೂಲಿ ಸಿಗತೊಡಗಿದ್ದು ಒಳ್ಳೆಯದೇ ಆಯಿತು. ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿಗೆ ಮಾರುಕಟ್ಟೆ ಕಷ್ಟವಲ್ಲ. ಯಾದಗಿರಿಯ ಸಂಘಗಳೂ ಈ ದಾರಿಯನ್ನು ಹಿಡಿಯಬಹುದು. ಆದರೆ ನಗರದ ಅಂಗಡಿಯಲ್ಲಿ ಅಂದವಾದ ಪೊಟ್ಟಣದೊಳಗೆ ಸೇರಿದ ಜೋಳದ ಹಿಟ್ಟಿನ ಏರುಬೆಲೆಯಲ್ಲಿ ಎರೆಯ ರೈತನಿಗೆ ಸಲ್ಲುವ ಪಾಲು ಕಿರಿದು.

ಜೋಳ ಕಡಮೆಯಾಗಲು ಇನ್ನೊಂದು ಕಾರಣವನ್ನು ಪುಸ್ತಕ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹಿಂಗಾರಿ ಜೋಳವನ್ನು ಕೊಯ್ಯುವುದಲ್ಲ, ಬೇರುಸಹಿತ ಕೀಳುವುದು ಈ ಕಡೆಯ ರೂಢಿ. ಬಿರುಸಾದ ಎರೆಯಿಂದ ಆಳೆತ್ತರದ ದಂಟನ್ನು ಬರಿಗೈಯಲ್ಲಿ ಕಿತ್ತು, ಸಿವುಡು ಕಟ್ಟಿ, ಒಟ್ಟಿ, ಬಳಿಕ ತೆನೆ ಮುರಿಯಬೇಕು. ಅಂಗೈ ಬೊಬ್ಬೆ ಏಳುತ್ತದೆ. ದಂಟಿನ ಸುಂಕು ಮೈಗೆ ತಾಗಿ ಉರಿಯುತ್ತದೆ. ಹಿಂದೆ ಈ ಕೆಲಸಕ್ಕೆ ಕಾಳನ್ನೇ ಕೂಲಿಯಾಗಿ ಕೊಡುತ್ತಿದ್ದರು. ಸುಗ್ಗಿಯ ಮೂರು ನಾಲ್ಕು ವಾರ ದುಡಿದ ಹೆಣ್ಣುಮಗಳು ಮಳೆಗಾಲದವರೆಗಿನ ಕಾಳನ್ನು ಮನೆಗೆ ಒಯ್ಯುತ್ತಿದ್ದಳು. ಬಡಿಗ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರ ಪಾಲೂ ಕಣದಲ್ಲಿಯೇ ಅಳೆದುಹೋಗುತ್ತಿತ್ತು. ಈಗ ರಾಶಿಗೆ ಯಂತ್ರ ಬಂದಿದೆ. ಕೀಳುವುದಕ್ಕೆ ಈ ಹೊಲಗಳಲ್ಲಿ ಇಂದಿಗೂ ಕೈಯೇ ಗತಿ. ಭತ್ತವನ್ನಾದರೋ ಕೊಯ್ಯುವ ಯಂತ್ರ ಒಂದು ಗಂಟೆಯಲ್ಲಿ ಮುಗಿಸಿಬಿಡುತ್ತದೆ. ಗುಳೆ ಹೋದ ಊರಿನಲ್ಲಿ ಜೋಳ ಕೀಳುವ ಕೈಗಳನ್ನು ಹುಡುಕುವುದೇ ಕಷ್ಟ. ಶಹಾಪುರದ ಬಳಿಯ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವಿದೆ. ಕಣಿಕೆಯನ್ನು ಕೆಡಿಸದೆ, ಕೂಲಿಯವಳ ಅಂಗೈಯನ್ನು ಸುಲಿಯದೆ ಜೋಳವನ್ನು ಕೀಳುವ ಅಗ್ಗದ ಯಂತ್ರವೊಂದು ಅಂತಹ ಕಡೆಗಳಿಂದ ಹೊಲಕ್ಕೆ ಬಂದರೆ ಹತ್ತು ಸಿರಿಧಾನ್ಯ ಮೇಳಗಳಿಗಿಂತ ಹೆಚ್ಚಿನ ಉಪಕಾರವಾದೀತು.

ಉಳಿದದ್ದು ಕೊಳ್ಳುವವರ ಮಾತು. ಈ ಜಿಲ್ಲೆಯಲ್ಲಿ ಬೆಳೆದ ಜೋಳವನ್ನು ಬೆಂಬಲ ಬೆಲೆಗೆ ಕೊಂಡು, ಈ ಜಿಲ್ಲೆಯ ಪಡಿತರ ಅಂಗಡಿಗಳಲ್ಲಿಯೇ ಅಕ್ಕಿಯ ಒಂದು ಭಾಗಕ್ಕೆ ಬದಲಾಗಿ ಹಂಚಬೇಕು. ಅಂಗನವಾಡಿಗೂ ಶಾಲೆಯ ಊಟಕ್ಕೂ ಕೊಡಬೇಕು. ದೂರದ ರಾಜ್ಯಗಳಿಂದ ಅಕ್ಕಿಯನ್ನು ತರುವ ಸಾಗಣೆಯ ಖರ್ಚು ಅಷ್ಟರಮಟ್ಟಿಗೆ ಉಳಿಯುತ್ತದೆ. ಜೋಳದ ಹಿಟ್ಟು ಬಹುದಿನ ಇರದೆ ಮುಗ್ಗುತ್ತದೆಂಬ ಆಕ್ಷೇಪವುಂಟು. ಕಾಳನ್ನು ಕಾಳಾಗಿಯೇ ಕೊಟ್ಟರೆ ಆ ತೊಂದರೆಯಿಲ್ಲ. ಊರಿಗೊಂದು ಗಿರಣಿ ಇದ್ದೇ ಇದೆ. ಕರ್ನಾಟಕ ಸರ್ಕಾರ ಜೋಳವನ್ನು ಕೊಳ್ಳುವುದೇ ಇಲ್ಲವೆಂದಲ್ಲ, ಆಗಾಗ ಕೊಂಡು ಹಂಚಿದ್ದೂ ಉಂಟು. ಆದರೆ ಬಿತ್ತುವ ರೈತನಿಗೆ ಆಗಾಗ ಎಂಬ ಮಾತಿನಿಂದ ಧೈರ್ಯ ಬಾರದು. ಹಸ್ತ ಮಳೆಯಲ್ಲಿ ಕೂರಿಗೆ ಹಿಡಿಯುವಾಗಲೇ ಅವನಿಗೆ ಫಾಲ್ಗುಣದ ದರ ತಿಳಿದಿರಬೇಕು.

ಕೊಳ್ಳುವ ಕಾಲವೂ ಮುಖ್ಯ. ಶಿವರಾತ್ರಿಯ ಹೊತ್ತಿಗೆ ಕಣದಲ್ಲಿ ರಾಶಿ ಬೀಳತೊಡಗುತ್ತದೆ. ಗೊಬ್ಬರದ ಅಂಗಡಿಯವನು, ಕೈಗಡ ಕೊಟ್ಟವನು, ರಾಶಿಯ ಯಂತ್ರದವನು ಎಲ್ಲರೂ ಆಗಲೇ ಬಾಗಿಲಿಗೆ ಬರುತ್ತಾರೆ. ಯುಗಾದಿಗೆ ಮನೆಯವರಿಗೆ ಬಟ್ಟೆ ಬೇಕು, ಅದರ ಹಿಂದೆಯೇ ಮದುವೆಗಳ ಕಾಲ. ಖರೀದಿಯ ಕೇಂದ್ರ ವೈಶಾಖದಲ್ಲಿ ತೆರೆದರೆ ಬಡ ರೈತನ ಚೀಲಗಳು ಅದಕ್ಕೂ ಮೊದಲೇ ವ್ಯಾಪಾರಿಯ ಗೋದಾಮು ಸೇರಿರುತ್ತವೆ. ಅವೇ ಚೀಲಗಳು ಬೇರೊಬ್ಬರ ಹೆಸರಿನಲ್ಲಿ ಕೇಂದ್ರದ ಕಾಟಾಕ್ಕೆ ಬಂದರೂ ಬಂದಾವು. ಆದ್ದರಿಂದ ಯಾದಗಿರಿ, ಶಹಾಪುರ, ಸುರಪುರ ಮೂರು ಕಡೆಗಳಲ್ಲಿಯೂ ಕಾಟಾ ಶಿವರಾತ್ರಿಗೆ ಮೊದಲೇ ನಿಲ್ಲಬೇಕು, ಹಣ ಯುಗಾದಿಯೊಳಗೆ ರೈತನ ಕೈಗೆ ಸೇರಬೇಕು.